ಟೆಂಪ್ಲೇಟ್ ಹಾಕಿದೆ, ಡೆಮೋ ಥರ ಯಾಕೆ ಕಾಣ್ತಿಲ್ಲ?

ಹೋದ ಸಂಚಿಕೆಯಲ್ಲಿ ವೆಬ್‌ಸೈಟ್ ಟೆಂಪ್ಲೇಟ್, ಅಂದರೆ ಸೈಟಿಗೆ ಸಿದ್ಧವಾಗಿ ಸಿಗುವ ವಿನ್ಯಾಸದ ಬಗ್ಗೆ ಎರಡೇ ಸಾಲು ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದರದ್ದೇ. ಹಾಗಾಗಿ ಈ ಸಲದ ಜಾಗ ಪೂರ್ತಿ ಟೆಂಪ್ಲೇಟಿಗೇ ಇಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಾನು ನಿವೃತ್ತ ಶಿಕ್ಷಕ. ನನ್ನ ಪ್ರವಾಸದ ಬರಹಗಳಿಗೆ ಒಂದು ವೆಬ್‌ಸೈಟ್ ಬೇಕು ಅಂತ ಸೈಟ್ ಕಟ್ಟುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್ ಹಾಕಿಕೊಂಡೆ. ದುಡ್ಡು ಕೊಟ್ಟು ಟೆಂಪ್ಲೇಟ್ ತಗೊಂಡೆ. ಜಿಪ್ ಫೈಲ್ ಅಪ್‌ಲೋಡ್ ಮಾಡಿದರೆ ಸ್ಟೈಲ್ ಡಾಟ್ ಸಿಎಸ್‌ಎಸ್ ಇಲ್ಲ ಎಂದು ಹೇಳಿ ನಿಂತುಬಿಡುತ್ತದೆ. ಮೂರು ಸಲ ಡೌನ್‌ಲೋಡ್ ಮಾಡಿ ನೋಡಿದೆ. ಫೈಲೇ ಕೆಟ್ಟಿದೆಯೇ?

ಉತ್ತರ: ಮೇಷ್ಟ್ರೇ, ಫೈಲ್ ಕೆಟ್ಟಿರಲಿಕ್ಕಿಲ್ಲ. ಕೊಂಡ ಟೆಂಪ್ಲೇಟ್ ಎಷ್ಟೋ ಸಲ ಒಂದು ಗಂಟಿನ ಹಾಗೆ ಬರುತ್ತದೆ. ಅದರೊಳಗೆ ಬಳಸುವ ವಿಧಾನ ಹೇಳುವ ಪಿಡಿಎಫ್, ಲೈಸೆನ್ಸ್, ಡೆಮೋ ಅಂದರೆ ಮಾದರಿ ಸೈಟಿನ ಫೈಲು ಎಲ್ಲ ಇರುತ್ತವೆ. ಇವುಗಳ ನಡುವೆ ಇನ್ನೊಂದು ಪುಟ್ಟ ಜಿಪ್ ಇರುತ್ತದೆ. ನಿಮಗೆ ಬೇಕಾದ್ದು ಅದು. ವರ್ಡ್‌ಪ್ರೆಸ್ ಅದನ್ನು ಥೀಮ್ ಎಂದು ಕರೆಯುತ್ತದೆ. ನೀವು ಇಡೀ ಗಂಟನ್ನೇ ಅದರ ಕೈಗೆ ಕೊಟ್ಟಿದ್ದೀರಿ ಅನ್ನಿಸುತ್ತದೆ. ವರ್ಡ್‌ಪ್ರೆಸ್ ಹುಡುಕುವುದು ಥೀಮಿನ ಫೋಲ್ಡರಿನಲ್ಲಿರುವ ಸ್ಟೈಲ್ ಡಾಟ್ ಸಿಎಸ್‌ಎಸ್ ಫೈಲನ್ನು. ಥೀಮಿನ ಹೆಸರು, ಆವೃತ್ತಿ, ಮಾಡಿದವರ ವಿವರ ಬರೆದಿರುವುದು ಆ ಫೈಲಿನ ಮೊದಲ ಸಾಲುಗಳಲ್ಲೇ. ಅದು ಸಿಗದಿದ್ದರೆ ಇದು ಥೀಮೇ ಅಲ್ಲ ಎಂದು ವಾಪಸ್ ಕಳಿಸುತ್ತದೆ.

ಹೀಗೆ ಮಾಡಿ. ದೊಡ್ಡ ಜಿಪ್ಪನ್ನು ಕಂಪ್ಯೂಟರಿನಲ್ಲೇ ಬಿಚ್ಚಿ. ಒಳಗಿನ ಜಿಪ್ಪನ್ನು ಮಾತ್ರ ಅಪಿಯರೆನ್ಸ್, ಥೀಮ್ಸ್, ಆ್ಯಡ್ ನ್ಯೂ, ಅಪ್‌ಲೋಡ್ ಥೀಮ್ ದಾರಿಯಲ್ಲಿ ಏರಿಸಿ. ಚೈಲ್ಡ್ ಎಂಬ ಹೆಸರಿನ ಇನ್ನೊಂದು ಜಿಪ್ ಕಂಡರೆ ಅದನ್ನೂ ಜೋಪಾನವಾಗಿಡಿ, ಮುಂದೆ ಬೇಕಾಗುತ್ತದೆ. ನೀವು ಬಳಸುವುದು ಮ್ಯಾಕ್ ಆಗಿದ್ದರೆ ಒಂದು ಮಾತು. ಸಫಾರಿ ಬ್ರೌಸರ್ ಡೌನ್‌ಲೋಡ್ ಆದ ಜಿಪ್ಪನ್ನು ತಾನೇ ಬಿಚ್ಚಿಡುವುದುಂಟು. ಆಗ ಜಿಪ್ ಹುಡುಕಿದರೆ ಬರೀ ಫೋಲ್ಡರ್ ಸಿಗುತ್ತದೆ.

ಫೈಲ್ ದೊಡ್ಡದಿದ್ದರೆ ಇನ್ನೊಂದು ಎರರ್ ಬರಬಹುದು. ವರ್ಡ್‌ಪ್ರೆಸ್ ಓಡುವುದು ಪಿಎಚ್‌ಪಿ ಎಂಬ ಭಾಷೆಯಲ್ಲಿ, ಅದರಲ್ಲಿ ಅಪ್‌ಲೋಡಿಗೆ ಮೊದಲೇ ಇಟ್ಟಿರುವ ಮಿತಿ 2 ಎಂಬಿ. ಹೋಸ್ಟಿಂಗಿನವರು, ಅಂದರೆ ಸೈಟಿಗೆ ಸರ್ವರಿನಲ್ಲಿ ಜಾಗ ಕೊಟ್ಟವರು, ಅದನ್ನು ಏರಿಸಿರದಿದ್ದರೆ ಥೀಮ್ ಅರ್ಧದಲ್ಲೇ ನಿಲ್ಲುತ್ತದೆ. ಮಿತಿ ಏರಿಸಿಕೊಡಿ ಎಂದು ಅವರನ್ನೇ ಕೇಳಿ. ಇಲ್ಲವಾದರೆ ಥೀಮಿನ ಫೋಲ್ಡರನ್ನು ಸರ್ವರಿಗೆ ಫೈಲ್ ಕಳಿಸುವ ಎಫ್‌ಟಿಪಿ ಮೂಲಕ ಡಬ್ಲ್ಯುಪಿ ಕಂಟೆಂಟ್ ಒಳಗಿನ ಥೀಮ್ಸ್ ಫೋಲ್ಡರಿಗೆ ಹಾಕಿ. ಎರಡರ ಫಲವೂ ಒಂದೇ.

ಥೀಮ್ ಆಕ್ಟಿವೇಟ್ ಮಾಡಿದ ಮೇಲೆ ಒಂದು ಬೇಸರ ಕಾದಿರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಸೈಟ್ ಡೆಮೋ ಥರ ಕಾಣುವುದಿಲ್ಲ. ದೊಡ್ಡ ಚಿತ್ರ ಇಲ್ಲ, ಮೆನು ಇಲ್ಲ, ಬರೀ ‘ಹಲೋ ವರ್ಲ್ಡ್’ ಎಂಬ ಒಂದು ಪೋಸ್ಟ್. ಎಷ್ಟೋ ಜನ ಇಲ್ಲೇ ಕೈಬಿಡುತ್ತಾರೆ. ನೀವು ಬಿಡಬೇಡಿ. ಡೆಮೋದಲ್ಲಿ ನೀವು ನೋಡಿದ್ದು ಥೀಮ್ ಮತ್ತು ಅದರೊಳಗೆ ಅವರು ತುಂಬಿದ ಬರಹ, ಚಿತ್ರ, ಸೆಟ್ಟಿಂಗು. ನಿಮಗೆ ಬಂದದ್ದು ಥೀಮ್ ಮಾತ್ರ. ಮೊದಲು ‘ಮುಖಪುಟ’ ಎಂದೊಂದು ಪೇಜ್ ಮಾಡಿ. ಸೆಟ್ಟಿಂಗ್ಸ್, ರೀಡಿಂಗ್‌ಗೆ ಹೋಗಿ ಅದನ್ನೇ ಸ್ಟ್ಯಾಟಿಕ್ ಪೇಜ್ ಎಂದು ಆರಿಸಿ. ಆಮೇಲೆ ಮೆನು ಮಾಡಿ, ಅದು ಕಾಣಬೇಕಾದ ಜಾಗಕ್ಕೆ ಟಿಕ್ ಹಾಕಿ. ಮೆನು ಮಾಡಿ ಜಾಗ ತೋರಿಸದೇ ಇದ್ದರೆ ಅದು ಎಲ್ಲೂ ಕಾಣುವುದಿಲ್ಲ. ಈ ಎರಡು ಕೆಲಸ ಆದರೆ ಸೈಟಿನ ಮುಖವೇ ಬದಲಾಗುತ್ತದೆ.

ಗಂಟಿನಲ್ಲಿ ಡೆಮೋ ಕಂಟೆಂಟ್ ಎಂಬ ಎಕ್ಸ್‌ಎಂಎಲ್ ಫೈಲ್ ಇದ್ದರೆ ಟೂಲ್ಸ್, ಇಂಪೋರ್ಟ್ ಮೂಲಕ ಅದನ್ನೂ ತರಬಹುದು. ಆದರೆ ಹೊಸ, ಖಾಲಿ ಸೈಟಿನಲ್ಲಿ ಮಾತ್ರ. ಈಗಾಗಲೇ ನಿಮ್ಮ ಬರಹ ಇದ್ದರೆ ಅವರ ಹತ್ತಾರು ಪುಟ ಬಂದು ಅದರ ಜೊತೆ ಬೆರೆತುಹೋಗುತ್ತವೆ. ಆರಿಸಿ ತೆಗೆಯುವುದು ಕಷ್ಟ. ಹಳೆಯ ಚಿತ್ರಗಳು ಸೊಟ್ಟಪಟ್ಟ ಕಂಡರೂ ಗಾಬರಿ ಬೇಡ. ಚಿತ್ರ ಏರಿಸುವಾಗ ಯಾವ ಥೀಮ್ ಇತ್ತೋ ಅದರ ಅಳತೆಗೆ ವರ್ಡ್‌ಪ್ರೆಸ್ ಕತ್ತರಿಸಿಟ್ಟಿರುತ್ತದೆ. ಹೊಸ ಥೀಮಿಗೆ ಹೊಸ ಅಳತೆ ಬೇಕು. ಥಂಬ್‌ನೇಲ್ (ಕತ್ತರಿಸಿಟ್ಟ ಚಿತ್ರ) ಮತ್ತೆ ಮಾಡಿಕೊಡುವ ಪ್ಲಗಿನ್, ಅಂದರೆ ಸೇರಿಸಿಕೊಳ್ಳುವ ಪುಟ್ಟ ಸಾಫ್ಟ್‌ವೇರ್ ಹಾಕಿ ಒಂದು ಸಲ ಓಡಿಸಿದರೆ ಸರಿಹೋಗುತ್ತದೆ.

ಪ್ರಶ್ನೆ: ಅಕ್ಕಾ, ನಾನು ಕಾಲೇಜು ವಿದ್ಯಾರ್ಥಿನಿ. ನಮ್ಮ ನಾಟಕ ತಂಡದ ಸೈಟಿಗೆ ಥೀಮ್ ಹಾಕಿ ಬಣ್ಣ, ಹೆಡರ್, ಫುಟರ್ ಎಲ್ಲ ಬದಲಾಯಿಸಿದ್ದೆ. ನಿನ್ನೆ ಅಪ್‌ಡೇಟ್ ಕೇಳಿತು, ಒತ್ತಿದೆ. ಎಲ್ಲ ಮೊದಲಿನ ಹಾಗೆ ಆಗಿಹೋಯಿತು. ವಾಪಸ್ ತರೋಕಾಗುತ್ತಾ?

ಉತ್ತರ: ನಿಮ್ಮ ಪತ್ರ ಓದಿ ನನಗೆ ತುಂಬ ಸಂಕಟ ಆಯಿತು. ಈ ಕೆಲಸಕ್ಕೆ ಬಂದ ಹೊಸತರಲ್ಲಿ ಒಬ್ಬ ಸಂಗೀತ ಶಿಕ್ಷಕಿಗೆ ಸೈಟ್ ಮಾಡಿಕೊಟ್ಟಿದ್ದೆ. ಮೂರು ವಾರ ಕೂತು ಥೀಮಿನ ಫೈಲುಗಳಲ್ಲೇ ತಿದ್ದಿದ್ದೆ. ಒಂದು ರಾತ್ರಿ ಅಪ್‌ಡೇಟ್ ಒತ್ತಿದೆ, ಎಲ್ಲ ಹೋಯಿತು. ಬೆಳಿಗ್ಗೆ ಅವರು ಫೋನ್ ಮಾಡಿ, ‘ಸೈಟ್ ಬೇರೆ ಯಾರದ್ದೋ ಥರ ಕಾಣ್ತಿದೆಯಲ್ಲಮ್ಮಾ’ ಅಂದರು. ಆ ದನಿ ಇನ್ನೂ ನೆನಪಿದೆ.

ಆದದ್ದು ಏನು ಅಂದರೆ, ಅಪ್‌ಡೇಟ್ ಅಂದಾಗ ಥೀಮಿನ ಹಳೆಯ ಫೋಲ್ಡರ್ ಪೂರ್ತಿ ಹೋಗಿ ಅದರ ಜಾಗಕ್ಕೆ ಹೊಸದು ಬರುತ್ತದೆ. ನೀವು ತಿದ್ದಿದ್ದು ಯಾವುದು, ಅವರು ಬರೆದದ್ದು ಯಾವುದು ಎಂದು ಅದು ನೋಡುವುದಿಲ್ಲ. ವಾಪಸ್ ತರಲು ಇರುವ ದಾರಿ ಬ್ಯಾಕಪ್ ಒಂದೇ. ಹೋಸ್ಟಿಂಗಿನವರ ಬಳಿ ನಿನ್ನೆಗಿಂತ ಹಿಂದಿನ ಬ್ಯಾಕಪ್ ಇದೆಯೇ ಎಂದು ಇವತ್ತೇ ಕೇಳಿ. ತಡಮಾಡಿದರೆ ಹೊಸ ಬ್ಯಾಕಪ್ ಬಂದು ಹಳೆಯದು ಅಳಿಸಿಹೋಗಬಹುದು. ಸಿಕ್ಕರೆ ಆ ಥೀಮಿನ ಫೋಲ್ಡರ್ ಒಂದನ್ನು ಕೊಟ್ಟರೆ ಸಾಕು ಅನ್ನಿ.

ಸಿಕ್ಕರೂ ಸಿಗದಿದ್ದರೂ ಇನ್ನು ಮುಂದೆ ಚೈಲ್ಡ್ ಥೀಮ್ ಬಳಸಿ. ಮೂಲ ಥೀಮಿನ ಪಕ್ಕದಲ್ಲಿ ನಿಮ್ಮದೇ ಒಂದು ಫೋಲ್ಡರ್ ಅದು. ಅದರೊಳಗೆ ಒಂದು ಸ್ಟೈಲ್ ಡಾಟ್ ಸಿಎಸ್‌ಎಸ್. ಅದರ ತಲೆಯಲ್ಲಿ ಥೀಮ್ ನೇಮ್ ಎಂದು ನಿಮಗಿಷ್ಟ ಬಂದ ಹೆಸರು, ಟೆಂಪ್ಲೇಟ್ ಎಂಬ ಸಾಲಿನಲ್ಲಿ ಮೂಲ ಥೀಮಿನ ಫೋಲ್ಡರಿನ ಹೆಸರು. ಈ ಎರಡನೆಯದನ್ನು ಅಕ್ಷರಕ್ಕೆ ಅಕ್ಷರ ಹಾಗೇ ಬರೆಯಬೇಕು. ಥೀಮಿನ ಚಂದದ ಹೆಸರಲ್ಲ, ಫೋಲ್ಡರಿನ ಹೆಸರು. ನನಗೆ ಬರುವ ದೂರುಗಳಲ್ಲಿ ಬಹಳಷ್ಟು ಈ ಒಂದು ಸಾಲಿನ ತಪ್ಪು.

ಹೆಡರ್ ಬದಲಾಗಬೇಕೇ? ಮೂಲದ ಹೆಡರ್ ಫೈಲನ್ನು ನಿಮ್ಮ ಫೋಲ್ಡರಿಗೆ ನಕಲು ಮಾಡಿ, ನಕಲನ್ನು ತಿದ್ದಿ. ವರ್ಡ್‌ಪ್ರೆಸ್ ಮೊದಲು ನಿಮ್ಮದನ್ನು ನೋಡುತ್ತದೆ, ಅಲ್ಲಿಲ್ಲದಿದ್ದರೆ ಮಾತ್ರ ಮೂಲಕ್ಕೆ ಹೋಗುತ್ತದೆ. ಥೀಮಿನ ಕೆಲಸಗಳನ್ನು ಬರೆದಿಡುವ ಫಂಕ್ಷನ್ಸ್ ಡಾಟ್ ಪಿಎಚ್‌ಪಿ ಫೈಲಿಗೆ ಮಾತ್ರ ಈ ಲೆಕ್ಕ ಇಲ್ಲ. ಅಲ್ಲಿ ನಿಮ್ಮದೂ ಓಡುತ್ತದೆ, ಮೂಲದ್ದೂ ಓಡುತ್ತದೆ. ಅದನ್ನು ಪೂರ್ತಿ ನಕಲು ಮಾಡಿದರೆ ಒಂದೇ ಫಂಕ್ಷನ್ ಎರಡು ಸಲ ಬಂದು ಸೈಟ್ ನಿಂತುಹೋಗುತ್ತದೆ. ನಿಮ್ಮ ಹೊಸ ಸಾಲುಗಳನ್ನು ಮಾತ್ರ ಬರೆಯಿರಿ.

ಬರೀ ಬಣ್ಣ, ಅಕ್ಷರದ ಗಾತ್ರ ಬದಲಾಯಿಸಲು ಇಷ್ಟೆಲ್ಲ ಬೇಕಿಲ್ಲ. ಅಪಿಯರೆನ್ಸ್ ಕೆಳಗಿನ ಕಸ್ಟಮೈಸ್ ಒತ್ತಿದರೆ ಅಡಿಷನಲ್ ಸಿಎಸ್‌ಎಸ್ ಎಂಬ ಜಾಗ ಸಿಗುತ್ತದೆ. ಅಲ್ಲಿ ಬರೆದದ್ದು ಡೇಟಾಬೇಸಿನಲ್ಲಿ ಉಳಿಯುತ್ತದೆ, ಅಪ್‌ಡೇಟ್ ಅದನ್ನು ಮುಟ್ಟುವುದಿಲ್ಲ. ಆದರೆ ಅದು ಆಯಾ ಥೀಮಿಗೆ ಕಟ್ಟಿಕೊಂಡಿರುತ್ತದೆ. ಥೀಮನ್ನೇ ಬದಲಿಸಿದರೆ ಆ ಜಾಗ ಖಾಲಿ ಕಾಣುತ್ತದೆ, ಹಳೆಯ ಥೀಮಿಗೆ ಮರಳಿದರೆ ಮತ್ತೆ ಸಿಗುತ್ತದೆ.

ಆ ರಾತ್ರಿ ಆದಮೇಲೆ ನಾನು ಒಂದು ನೋಟ್‌ಬುಕ್ ಇಟ್ಟುಕೊಂಡೆ. ಯಾವ ದಿನ, ಯಾವ ಫೈಲ್, ಮೊದಲು ಏನಿತ್ತು, ಈಗ ಏನು. ಪೆನ್ನಿನಲ್ಲಿ ಬರೆಯುತ್ತೇನೆ. ಈಗ ಏಳನೆಯ ನೋಟ್‌ಬುಕ್ ನಡೆಯುತ್ತಿದೆ. ನೀವೂ ಒಂದು ಶುರು ಮಾಡಿ.

ಪ್ರಶ್ನೆ: ವಿಡಿಯೋಗಳಲ್ಲಿ ಎಲ್ಲರೂ ಅಪಿಯರೆನ್ಸ್ ಕೆಳಗೆ ಕಸ್ಟಮೈಸ್ ಒತ್ತುತ್ತಾರೆ. ನನ್ನದರಲ್ಲಿ ಅದೇ ಇಲ್ಲ. ಏನು ತಪ್ಪು ಮಾಡಿದೆ?

ಉತ್ತರ: ಏನೂ ಇಲ್ಲ. ನಿಮ್ಮದು ಬ್ಲಾಕ್ ಥೀಮ್, ಹೆಡರಿನಿಂದ ಫುಟರಿನ ತನಕ ಬ್ಲಾಕ್ ಎಂಬ ತುಂಡುಗಳಿಂದ ಕಟ್ಟುವ ಥೀಮ್. 2022ರ ಜನವರಿಯಲ್ಲಿ ಬಂದ ವರ್ಡ್‌ಪ್ರೆಸ್ 5.9ರಿಂದ ಇಂಥ ಥೀಮುಗಳಿಗೆ ಸೈಟ್ ಎಡಿಟರ್ ಇದೆ. ಅಪಿಯರೆನ್ಸ್ ಕೆಳಗೆ ಎಡಿಟರ್ ಒತ್ತಿ. ಹೆಡರ್, ಫುಟರ್, ಬಣ್ಣ, ಫಾಂಟ್ ಎಲ್ಲ ಅಲ್ಲೇ ಇವೆ. ವಿಡಿಯೋ ನೋಡುವ ಮೊದಲು ಅದು ಯಾವ ವರ್ಷದ್ದು ಎಂದು ನೋಡಿ.

ಪ್ರಶ್ನೆ: ನಾನು ಒಂದು ಸಂಸ್ಥೆಯ 40 ಪುಟದ ಸೈಟನ್ನು ಪುಟ ತಯಾರಿಸುವ ಸಾಫ್ಟ್‌ವೇರ್ ಡ್ರೀಮ್‌ವೀವರ್‌ನಲ್ಲಿ ನೋಡಿಕೊಳ್ಳುತ್ತೇನೆ, ಹಿಂದಿನವರು ಬಿಟ್ಟುಹೋದದ್ದು. ಪುಟ ತೆರೆದರೆ ಮೆನು ಮೇಲೆ ಟೈಪ್ ಮಾಡಲು ಬಿಡುವುದೇ ಇಲ್ಲ. ಟೆಂಪ್ಲೇಟ್ ಫೈಲಿನಲ್ಲಿ ತಿದ್ದಿದೆ, ಆದರೂ ಇಂಟರ್‌ನೆಟ್‌ನಲ್ಲಿ ಹಳೆಯದೇ ಕಾಣುತ್ತದೆ.

ಉತ್ತರ: ಸಂತೋಷ ಆಯಿತು, ಡ್ರೀಮ್‌ವೀವರ್ ಪ್ರಶ್ನೆ ಬಂದು ಬಹಳ ದಿನ ಆಗಿತ್ತು. ನಾನು ಕೆಲಸ ಕಲಿತದ್ದು ಇದರಲ್ಲೇ. ಮ್ಯಾಕ್ರೋಮೀಡಿಯಾ ಕಂಪನಿ 1997ರಲ್ಲಿ ತಂದದ್ದು, 2005ರಲ್ಲಿ ಅಡೋಬಿಗೆ ಹೋಯಿತು.

ಹಿಂದಿನವರು ಒಳ್ಳೆಯ ಕೆಲಸ ಮಾಡಿದ್ದಾರೆ. ಮೆನು, ಹೆಡರ್ ಇರುವ ಭಾಗಕ್ಕೆ ಬೀಗ ಹಾಕಿ, ಬರಹ ಬರುವ ಭಾಗವನ್ನು ಮಾತ್ರ ಎಡಿಟಬಲ್ ರೀಜನ್, ಅಂದರೆ ತಿದ್ದಬಹುದಾದ ಜಾಗ ಮಾಡಿದ್ದಾರೆ. ಯಾರೋ ಒಬ್ಬರು ಒಂದು ಪುಟದಲ್ಲಿ ಮೆನು ಕೆಡಿಸದೇ ಇರಲಿ ಅಂತ. ನೀವು ಟೆಂಪ್ಲೇಟಿನ ಡಾಟ್ ಡಿಡಬ್ಲ್ಯುಟಿ ಫೈಲಿನಲ್ಲಿ ತಿದ್ದಿದ್ದು ಸರಿಯೇ. ಸೇವ್ ಮಾಡುವಾಗ ಈ ಟೆಂಪ್ಲೇಟ್ ಬಳಸಿದ ಪುಟಗಳನ್ನು ಅಪ್‌ಡೇಟ್ ಮಾಡಲೇ ಎಂದು ಕೇಳಿರಬೇಕು. ಹೌದು ಅಂದಿದ್ದರೆ ನಿಮ್ಮ ಕಂಪ್ಯೂಟರಿನ 40 ಫೈಲುಗಳೂ ಬದಲಾಗಿವೆ. ಆದರೆ ಅದು ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ. ಸರ್ವರಿನಲ್ಲಿ ಇರುವುದು ಹಳೆಯ 40 ಫೈಲು. ಅವೆಲ್ಲವನ್ನೂ ಮತ್ತೆ ಅಪ್‌ಲೋಡ್ ಮಾಡಬೇಕು. ಟೆಂಪ್ಲೇಟ್ ಫೈಲನ್ನು ಮಾತ್ರ ಏರಿಸಿದರೆ ಏನೂ ಆಗದು, ಸೈಟ್ ನೋಡುವವರ ಬ್ರೌಸರ್ ಅದನ್ನು ಕೇಳುವುದೇ ಇಲ್ಲ.

ಟೆಂಪ್ಲೇಟ್ಸ್ ಎಂಬ ಫೋಲ್ಡರಿನ ಹೆಸರು ಬದಲಾಯಿಸಬೇಡಿ, ಜಾಗವನ್ನೂ ಬದಲಾಯಿಸಬೇಡಿ. ಅದು ಸೈಟಿನ ಮೂಲ ಫೋಲ್ಡರಿನಲ್ಲೇ ಇರಬೇಕು. ಹೊಸ ಕಂಪ್ಯೂಟರಿಗೆ ಹೋದಾಗ ಮೊದಲು ಸೈಟ್ ಮೆನುವಿನಲ್ಲಿ ನ್ಯೂ ಸೈಟ್ ಮಾಡಿ ಆ ಮೂಲ ಫೋಲ್ಡರನ್ನು ತೋರಿಸಿ. ಆಮೇಲೆ ಉಳಿದದ್ದು. ಇದನ್ನು ಮಾಡದೇ ಫೈಲನ್ನು ಸುಮ್ನೆ ಡಬಲ್ ಕ್ಲಿಕ್ ಮಾಡಿ ತೆರೆದು ತಿದ್ದಿದರೆ ಯಾವ ಪುಟಕ್ಕೆ ಯಾವ ಟೆಂಪ್ಲೇಟ್ ಎಂಬ ಕೊಂಡಿ ಅದಕ್ಕೆ ಗೊತ್ತಾಗುವುದಿಲ್ಲ.

ಪ್ರಶ್ನೆ: ಫುಟರಿನಲ್ಲಿ ಟೆಂಪ್ಲೇಟ್ ಮಾಡಿದವರ ಹೆಸರಿದೆ. ತೆಗೆಯಬಹುದಾ?

ಉತ್ತರ: ಲೈಸೆನ್ಸ್ ಓದಿ. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನ ಥೀಮುಗಳು ಜಿಪಿಎಲ್ ಎಂಬ ಮುಕ್ತ ಲೈಸೆನ್ಸಿಗೆ ಹೊಂದುವಂಥವು, ಪುಟದಲ್ಲಿ ಕಾಣುವ ಆ ಸಾಲನ್ನು ತೆಗೆಯಬಹುದು. ಫೈಲಿನ ಒಳಗೆ ಬರೆದಿರುವ ಕಾಪಿರೈಟ್ ಸಾಲುಗಳನ್ನು ಮುಟ್ಟಬೇಡಿ. ಎಚ್‌ಟಿಎಂಎಲ್5 ಅಪ್ ಎಂಬ ಸೈಟಿನ ಉಚಿತ ಟೆಂಪ್ಲೇಟುಗಳು ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಷನ್ 3.0 ಎಂಬ ಲೈಸೆನ್ಸಿನ ಕೆಳಗಿವೆ, ಅಲ್ಲಿ ಹೆಸರು ಉಳಿಸಲೇಬೇಕು. ತೆಗೆಯಲು ಅನುಮತಿ ಇದ್ದರೂ ನಾನು ಚಿಕ್ಕ ಅಕ್ಷರದಲ್ಲಿ ಹೆಸರು ಉಳಿಸುತ್ತೇನೆ. ಎಷ್ಟು ದಿನ ಕೂತು ಮಾಡಿರುತ್ತಾರೆ, ಅಲ್ವಾ?

ಪ್ರಶ್ನೆ: ಡೆಮೋದಲ್ಲಿ ಇಂಗ್ಲಿಷ್ ಎಷ್ಟು ಚಂದ ಕಾಣುತ್ತಿತ್ತು. ನನ್ನ ಕನ್ನಡ ಹಾಕಿದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ತಲೆಬರಹದಲ್ಲಿ ಅಕ್ಷರಗಳು ದೂರ ದೂರ ನಿಲ್ಲುತ್ತವೆ. ನನ್ನ ಫೋನಿನಲ್ಲಿ ಒಂದು ಥರ, ತಮ್ಮನ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಥರ.

ಉತ್ತರ: ಟೆಂಪ್ಲೇಟ್ ಮಾಡಿದವರು ಇಂಗ್ಲಿಷ್ ಅಕ್ಷರ ಕಣ್ಣ ಮುಂದೆ ಇಟ್ಟುಕೊಂಡು ಅಳತೆ ಹಾಕಿರುತ್ತಾರೆ. ಕೆಳಗೆ ಒತ್ತು ಬರುತ್ತದೆ, ಮೇಲೆ ಗುಡಿಸು ಬರುತ್ತದೆ ಎಂಬುದು ಅವರ ಲೆಕ್ಕದಲ್ಲಿ ಇರುವುದಿಲ್ಲ. ಮೊದಲು ಫಾಂಟ್. ಟೆಂಪ್ಲೇಟಿನ ಫಾಂಟ್ ಪಾಪಿನ್ಸ್ ಅಂದುಕೊಳ್ಳಿ, ಅದರಲ್ಲಿ ಕನ್ನಡ ಇಲ್ಲವೇ ಇಲ್ಲ. ಆಗ ಬ್ರೌಸರ್ ಆ ಕಂಪ್ಯೂಟರಿನಲ್ಲಿ ಇರುವ ಯಾವುದೋ ಕನ್ನಡ ಫಾಂಟ್ ಹುಡುಕಿ ಹಾಕುತ್ತದೆ. ವಿಂಡೋಸಿನಲ್ಲಿ ನಿರ್ಮಲಾ ಅಥವಾ ತುಂಗಾ, ಆಂಡ್ರಾಯ್ಡಿನಲ್ಲಿ ನೋಟೋ. ನಿಮ್ಮ ಫೋನು, ತಮ್ಮನ ಲ್ಯಾಪ್‌ಟಾಪಿನ ವ್ಯತ್ಯಾಸ ಅಲ್ಲಿಂದಲೇ. ಫಾಂಟ್ ಫ್ಯಾಮಿಲಿ ಸಾಲಿನಲ್ಲಿ ಇಂಗ್ಲಿಷ್ ಫಾಂಟಿನ ಹಿಂದೆಯೇ ನೋಟೋ ಸಾನ್ಸ್ ಕನ್ನಡ ಸೇರಿಸಿ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ತಲೆಬರಹಕ್ಕೆ ದಪ್ಪನೆಯದು ಬೇಕಿದ್ದರೆ ಬಾಲೂ ತಮ್ಮಾ 2 ನನಗೆ ಇಷ್ಟ.

ಆಮೇಲೆ ಲೈನ್ ಹೈಟ್, ಅಂದರೆ ಒಂದು ಸಾಲಿಗೆ ಸಿಗುವ ಎತ್ತರ. ತಲೆಬರಹಕ್ಕೆ 1.2 ಇರುತ್ತದೆ ಸಾಮಾನ್ಯವಾಗಿ. ನಾನು 1.5 ಮಾಡುತ್ತೇನೆ, ಬರಹಕ್ಕೆ 1.8. ಲೆಟರ್ ಸ್ಪೇಸಿಂಗ್ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ನಾರ್ಮಲ್ ಮಾಡಿ, ಅಕ್ಷರ ದೂರ ನಿಲ್ಲುವುದು ಅದರಿಂದ. ಮೊದಲ ಅಕ್ಷರವನ್ನು ದೊಡ್ಡದಾಗಿ ತೋರಿಸುವ ಅಲಂಕಾರ ಇದ್ದರೆ ತೆಗೆದುಬಿಡಿ. ‘ಸ್ತ್ರೀ’ ಎಂದು ಶುರುವಾಗುವ ಲೇಖನದಲ್ಲಿ ಅಕ್ಷರ ಹೋಳಾಗುವ ಸಂಭವ ಇದೆ. ಬಟನ್ನಿಗೆ ಎತ್ತರ ಕಟ್ಟಿಹಾಕಿದ್ದರೆ ಅದನ್ನೂ ಬಿಡಿಸಿ, ಅಕ್ಷರದ ಸುತ್ತ ಪ್ಯಾಡಿಂಗ್, ಅಂದರೆ ಖಾಲಿ ಜಾಗ ಕೊಡಿ. ‘ಸೆಂಡ್’ ಇದ್ದ ಜಾಗಕ್ಕೆ ‘ಕಳುಹಿಸಿ’ ಬಂದಾಗ ಇನ್ನಷ್ಟು ಅಗಲವೂ ಬೇಕು. ಪುಟದ ಭಾಷೆ ಕನ್ನಡ ಎಂದು ಸೆಟ್ಟಿಂಗಿನಲ್ಲಿ ಹೇಳಿ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸಾಫ್ಟ್‌ವೇರ್ ಆ ಗುರುತನ್ನು ನೋಡಿಯೇ ಕನ್ನಡ ದನಿ ಆರಿಸಿಕೊಳ್ಳುತ್ತದೆ.

ಇವನ್ನೆಲ್ಲ ಫೈಲಿನಲ್ಲಿ ಬರೆಯುವ ಮೊದಲು ಬ್ರೌಸರಿನಲ್ಲಿ ಎಫ್12 ಒತ್ತಿ ಅಲ್ಲೇ ಬದಲಾಯಿಸಿ ನೋಡಿ. ಪುಟ ಮತ್ತೆ ತೆರೆದರೆ ಎಲ್ಲ ಮೊದಲಿನಂತಾಗುತ್ತದೆ, ಏನೂ ಕೆಡುವುದಿಲ್ಲ. ಡೆಮೋದಲ್ಲಿ ಜಾಗ ತುಂಬಲು ಹಾಕಿರುವ ಲೊರೆಮ್ ಇಪ್ಸಮ್ ಬರಹ ತೆಗೆದು ನಾನು ಮೊದಲು ಹಾಕುವ ಸಾಲು ಇದು: ರಾಷ್ಟ್ರ, ಸ್ವಾತಂತ್ರ್ಯ, ವೈಶಿಷ್ಟ್ಯ, ಅರ್ಘ್ಯ. ಇದನ್ನೇ ಎರಡು ಸಾಲು ಆಗುವಷ್ಟು ಸಲ ಹಾಕಿ, ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ನೋಡಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿಗೆ ತಾಗದಿದ್ದರೆ ನಿಮ್ಮ ಬರಹ ಹಾಕಲು ಶುರು ಮಾಡಿ.