561 ಅವಿಭಾಜ್ಯವಲ್ಲ, ಆದರೂ ಫರ್ಮಾ ಪರೀಕ್ಷೆಯಲ್ಲಿ ಏಕೆ ಪಾಸಾಗುತ್ತದೆ?

ಫರ್ಮಾ ಪರೀಕ್ಷೆ ಹೀಗೆ: n ಅವಿಭಾಜ್ಯವೇ ಎಂದು ನೋಡಲು ಒಂದು ಸಂಖ್ಯೆ a ತೆಗೆದುಕೊಂಡು aⁿ⁻¹ ಅನ್ನು nರಿಂದ ಭಾಗಿಸಿ; ಶೇಷ 1 ಬಂದರೆ n ಪಾಸು. 561 ಇದರಲ್ಲಿ ಪಾಸಾದರೆ ನಿಮ್ಮ ಕೋಡ್‌ನಲ್ಲಿ ದೋಷವಿಲ್ಲ, ದೋಷ ಇರುವುದು ಪರೀಕ್ಷೆಯಲ್ಲೇ. 561 = 3 × 11 × 17. ಪ್ರತಿ ಅಪವರ್ತನದಿಂದ ಒಂದು ಕಳೆದರೆ 2, 10, 16 ಸಿಗುತ್ತವೆ. ಮೂರೂ 560 ಅನ್ನು ಭಾಗಿಸುತ್ತವೆ. ಹಾಗಾಗಿ 561ರ ಜೊತೆ ಸಾಮಾನ್ಯ ಅಪವರ್ತನವಿಲ್ಲದ ಯಾವುದೇ a ತೆಗೆದುಕೊಂಡರೂ a⁵⁶⁰ ಅನ್ನು 561ರಿಂದ ಭಾಗಿಸಿದಾಗ ಶೇಷ 1. ಇಂಥವು ಕಾರ್ಮೈಕಲ್ ಸಂಖ್ಯೆಗಳು. a ಬದಲಿಸುತ್ತಾ ಹೋದರೆ ಹೆಚ್ಚೇನೂ ಪ್ರಯೋಜನವಿಲ್ಲ.

ಬದಲಿಗೆ ಮಿಲ್ಲರ್–ರಾಬಿನ್ ಎಂಬ ಇನ್ನೂ ಕಟ್ಟುನಿಟ್ಟಾದ ಪರೀಕ್ಷೆ ಬಳಸಿ. ಅದರ ಜಾಣತನ ಇಷ್ಟೇ: n ಬೆಸ ಅವಿಭಾಜ್ಯವಾದರೆ, nಗಿಂತ ಚಿಕ್ಕ ಸಂಖ್ಯೆಗಳಲ್ಲಿ ವರ್ಗ ಮಾಡಿ nರಿಂದ ಭಾಗಿಸಿದಾಗ ಶೇಷ 1 ಕೊಡುವವು 1 ಮತ್ತು n−1 ಮಾತ್ರ. 560 = 16 × 35 ಎಂದು ಬರೆದು, a = 2 ಇಟ್ಟುಕೊಂಡು, 2³⁵ ಅನ್ನು 561ರಿಂದ ಭಾಗಿಸಿದ ಶೇಷದಿಂದ ಶುರುಮಾಡಿ, ಪ್ರತಿ ಬಾರಿ ವರ್ಗ ಮಾಡಿ ಶೇಷ ತೆಗೆಯುತ್ತಾ ಹೋಗಿ: 263, 166, 67, 1. ಇಲ್ಲಿ 1ರ ಹಿಂದೆ 67 ಇದೆ, n−1 ಆದ 560 ಅಲ್ಲ. ಸಿಕ್ಕಿಬಿತ್ತು! ಜೊತೆಗೆ 67−1 = 66 ಮತ್ತು 561ರ ಮಹತ್ತಮ ಸಾಮಾನ್ಯ ಅಪವರ್ತನ (ಮಸಾಅ) 33, ಅಂದರೆ ಒಂದು ಅಪವರ್ತನವೂ ಕೈಗೆ ಬಂತು.

9ಕ್ಕಿಂತ ದೊಡ್ಡ ಬೆಸ ಸಂಯುಕ್ತ ಸಂಖ್ಯೆಯೊಂದು ಯಾದೃಚ್ಛಿಕ a ಒಂದರಿಂದ ತಪ್ಪಿಸಿಕೊಳ್ಳುವ ಸಂಭವನೀಯತೆ ಹೆಚ್ಚೆಂದರೆ 1/4. ಹೀಗೆ 20 ಸುತ್ತು ಪರೀಕ್ಷಿಸಿದರೆ ಅದು ಹೆಚ್ಚೆಂದರೆ 2⁻⁴⁰. 2⁶⁴ರೊಳಗಿನ ಸಂಖ್ಯೆಗಳಿಗೆ ಸಂಭವನೀಯತೆಯ ಮಾತೇ ಬೇಡ, 2ರಿಂದ 37ರವರೆಗಿನ 12 ಅವಿಭಾಜ್ಯಗಳನ್ನು a ಆಗಿ ಬಳಸಿದರೆ ಉತ್ತರ ಖಚಿತ.

ಹೆಚ್ಚಿನವರು ಎಡವುವುದು ಗುಣಾಕಾರದಲ್ಲಿ: n 2³² ದಾಟಿದರೆ ಶೇಷ xನ ವರ್ಗ x·x 64 ಬಿಟ್‌ನಲ್ಲಿ ಹಿಡಿಸದೆ ಹೋಗಬಹುದು, ಆಗ ನಿಜವಾದ ಅವಿಭಾಜ್ಯವೂ ಫೇಲಾಗುತ್ತದೆ. ಗುಣಲಬ್ಧವನ್ನು 128 ಬಿಟ್‌ನಲ್ಲಿ ಇಟ್ಟು ನಂತರ ಶೇಷ ತೆಗೆಯಿರಿ.

ಯಾದೃಚ್ಛಿಕತೆಯೇ ಇಲ್ಲದ ಬಹುಪದೀಯ ಸಮಯದ (ಅಂದರೆ ಅಂಕಿಗಳ ಸಂಖ್ಯೆಯ ಯಾವುದೋ ಒಂದು ಸ್ಥಿರ ಘಾತದ ಮಿತಿಯಲ್ಲಿ ಮುಗಿಯುವ) ವಿಧಾನವನ್ನು 2002ರಲ್ಲಿ ಐಐಟಿ ಕಾನ್ಪುರದ ಅಗ್ರವಾಲ್, ಕಯಾಲ್, ಸಕ್ಸೇನಾ ಕೊಟ್ಟರು. ಅದ್ಭುತ ಸಾಧನೆ, ಆದರೆ ದಿನಬಳಕೆಗೆ ಮಿಲ್ಲರ್–ರಾಬಿನ್ನೇ ಬಹಳ ವೇಗ.