ಹಡಗು ಹತ್ತುವ ಮುಂಚೆ ಎಲ್ಲಿ ಊಟ?

ಹೋದ ಸಲ ಸಿಂಗಪುರದಿಂದ ಕ್ರೂಸ್ ಹೋಗಿ ಬಂದೆ ಅಂತ ಎರಡೇ ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ! ವೀಸಾ, ಬಟ್ಟೆ, ವಾಂತಿ ಮಾತ್ರೆ, ಎಲ್ಲದರ ಬಗ್ಗೆಯೂ ಕೇಳಿದ್ದೀರಿ. ಆದರೆ ಮುಕ್ಕಾಲು ಪಾಲು ಪ್ರಶ್ನೆ ಊಟದ್ದೇ. ನನಗೂ ಅದೇ ಇಷ್ಟ. ಈ ಸಲ ಉಳಿದವರು ಸ್ವಲ್ಪ ಕಾಯಬೇಕು.

ಮಗ ನಮ್ಮಿಬ್ಬರಿಗೂ ಸಿಂಗಪುರದಿಂದ ನಾಲ್ಕು ರಾತ್ರಿಯ ಕ್ರೂಸ್ ಬುಕ್ ಮಾಡಿದ್ದಾನೆ. ಶುಕ್ರವಾರ ಬೆಳಿಗ್ಗೆ ಅಲ್ಲಿ ಇಳಿಯುತ್ತೇವೆ. ಶನಿವಾರ ಮಧ್ಯಾಹ್ನ ಹಡಗು. ನಾವು ಪಕ್ಕಾ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ನೆನಪಲ್ಲಿ ಉಳಿಯುವಂಥ ಒಂದು ಒಳ್ಳೆ ಹೋಟೆಲ್ ಹೇಳಿ ಮೇಡಂ.
— ಓದುಗರೊಬ್ಬರು, ದಾವಣಗೆರೆ

ಬೆಣ್ಣೆ ದೋಸೆ ಊರಿನವರಿಗೆ ನಾನು ಹೋಟೆಲ್ ಹೇಳೋದಾ! ಇರಲಿ. ಮೊದಲು ಒಂದು ಮಾತು. ಅಲ್ಲಿ ಟ್ಯಾಕ್ಸಿಯವರ ಹತ್ತಿರ ‘ಒಳ್ಳೆ ಹೋಟೆಲ್’ ಅಂದರೆ ಲಾಡ್ಜ್ ಮುಂದೆ ಇಳಿಸುತ್ತಾರೆ. ನನಗೆ ಹಾಗೇ ಆಯಿತು. ಹಸಿದುಕೊಂಡು ಕೇಳಿದರೆ ರೂಮಿನ ಬಾಡಿಗೆ ಹೇಳುತ್ತಿದ್ದರು.

ನಮ್ಮಪ್ಪ ಶಿವಮೊಗ್ಗದಲ್ಲಿ ಸಣ್ಣದೊಂದು ಹೋಟೆಲ್ ನಡೆಸುತ್ತಿದ್ದರು. ಗಲ್ಲಾದ ಪಕ್ಕ ಕೂತು ಹೋಂವರ್ಕ್ ಮಾಡಿ ಬೆಳೆದವಳು ನಾನು. ಬೇರೆ ಊರಿಗೆ ಹೋದಾಗ ಅಪ್ಪ ‘ಇಲ್ಲಿ ಎಲ್ಲಿ ಚೆನ್ನಾಗಿರುತ್ತೆ?’ ಅಂತ ಯಾರನ್ನೂ ಕೇಳುತ್ತಿರಲಿಲ್ಲ. ಹಾಗೆ ಕೇಳಿದರೆ ದೊಡ್ಡ ಬೋರ್ಡಿನ ಜಾಗವನ್ನೇ ತೋರಿಸುತ್ತಾರೆ. ಅವರು ಬಟ್ಟೆ ಅಂಗಡಿಯವರನ್ನೋ ಔಷಧಿ ಅಂಗಡಿಯವರನ್ನೋ ಹಿಡಿದು ‘ನೀವು ಮಧ್ಯಾಹ್ನ ಎಲ್ಲಿ ಉಣ್ಣುತ್ತೀರಿ?’ ಅಂತ ಕೇಳುತ್ತಿದ್ದರು. ಸಿಂಗಪುರದಲ್ಲೂ ನಾನು ಇದನ್ನೇ ಮಾಡಿದೆ. ವಾಟರ್‌ಲೂ ಸ್ಟ್ರೀಟ್‌ನಲ್ಲಿ ಒಂದು ಕೃಷ್ಣನ ದೇವಸ್ಥಾನ ಇದೆ. ಅದರ ಪಕ್ಕದಲ್ಲೇ ಚೀನೀಯರ ಕ್ವಾನ್ ಯಿಮ್ ದೇವಸ್ಥಾನ. ಅಲ್ಲಿ ಕೈಮುಗಿದ ಚೀನೀಯರು ಹಾಗೇ ಇಲ್ಲಿಗೂ ಬಂದು ಕೃಷ್ಣನಿಗೆ ಊದುಬತ್ತಿ ಹಚ್ಚುತ್ತಾರೆ. ಸುಮ್ನೆ ಅರ್ಧ ಗಂಟೆ ನಿಂತು ನೋಡಿ. ಅಲ್ಲಿ ಹೂ ಮಾರುತ್ತಿದ್ದ ಅಜ್ಜಿಯನ್ನು ಊಟಕ್ಕೆ ಎಲ್ಲಿಗೆ ಹೋಗುತ್ತೀರಿ ಅಂತ ಕೇಳಿದೆ. ರಸ್ತೆಯ ತುದಿಯ ಕಡೆ ಕೈ ತೋರಿಸಿದರು. ಅದು ಫಾರ್ಚೂನ್ ಸೆಂಟರ್ ಅನ್ನುವ ಹಳೇ ಕಟ್ಟಡ. ಒಳಗೆ ಹೋದರೆ ಒಂದರ ಪಕ್ಕ ಒಂದು ಸಸ್ಯಾಹಾರದ ಅಂಗಡಿ. ಬೌದ್ಧರ ಅಡುಗೆ, ಹಾಗಾಗಿ ಅನೇಕ ಕಡೆ ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ.

ಲಕ್ಸಾ ತಗೊಂಡೆ. ತೆಂಗಿನಹಾಲಿನ ಖಾರದ ಸಾರಿನಲ್ಲಿ ದಪ್ಪ ಶ್ಯಾವಿಗೆ ಅಂದುಕೊಳ್ಳಿ. ಎರಡು ಚಮಚ ಉಂಡಿರಬಹುದು, ತಳದಿಂದ ಸಿಗಡಿ ಎದ್ದಿತು. ಕೆಂಪು ಗೆರೆ, ಬಾಗಿದ ಬಾಲ, ಸಾಕ್ಷಾತ್ ಸಿಗಡಿ! ನಾನು ಚಮಚ ಕೆಳಗಿಟ್ಟು ಅಂಗಡಿಯಾಕೆಯನ್ನು ಕರೆದೆ. ಆಕೆಗೆ ನನ್ನ ಮುಖ ನೋಡಿಯೇ ಅರ್ಥವಾಯಿತು. ನಗುತ್ತಾ ಒಳಗೆ ಹೋಗಿ ಫ್ರಿಜ್‌ನಿಂದ ಪ್ಯಾಕೆಟ್ಟನ್ನೇ ತಂದು ತೋರಿಸಿದಳು. ಕೊಂಜಾಕ್ ಅನ್ನುವ ಗೆಡ್ಡೆಯ ಹಿಟ್ಟಿನಲ್ಲಿ ಮಾಡಿದ್ದಂತೆ. ಜಗಿದರೆ ತಾಳೆಹಣ್ಣಿನ ಹಾಗೆ ಜಾರುತ್ತೆ, ರುಚಿ ಏನೂ ಇಲ್ಲ. ನಾನು ಅದನ್ನು ಬದಿಗಿಟ್ಟು ಸಾರು ಪೂರ್ತಿ ಕುಡಿದೆ. ನನಗೆ ನೆನಪಲ್ಲಿ ಉಳಿದ ಊಟ ಅದು. ನೀವು ಮೊಟ್ಟೆ ಬೇಡ ಅಂತ ಮೊದಲೇ ಹೇಳಿ, ಕೆಲವು ಅಂಗಡಿಗಳಲ್ಲಿ ಬಳಸುತ್ತಾರೆ. ಬ್ರೆಡ್ಡಿಗೆ ಹಚ್ಚಿ ಕೊಡುವ ‘ಕಾಯಾ’ ಅನ್ನುವ ಸಿಹಿ ಕೂಡ ನಿಮಗೆ ಆಗಲ್ಲ. ತೆಂಗಿನಹಾಲಿನ ಜೊತೆ ಅದರಲ್ಲಿ ಮೊಟ್ಟೆ ಇರುತ್ತೆ.

ಇನ್ನು ನಮ್ಮ ಊಟ. ಸೆರಂಗೂನ್ ರೋಡಿನಲ್ಲಿ 1947ರಿಂದ ಇರುವ ಕೋಮಲ ವಿಲಾಸ್ ಇದೆ. ಅದಕ್ಕಿಂತ ಹಳೆಯ ಆನಂದ ಭವನ್ 1924ರದ್ದು. ನಮ್ಮ ಎಂಟಿಆರ್ ಶುರುವಾದದ್ದೂ ಅದೇ ವರ್ಷ, ನೋಡಿ. ಆ ಎಂಟಿಆರ್‌ನ ಒಂದು ಶಾಖೆಯೂ ಅದೇ ರಸ್ತೆಯಲ್ಲಿ, ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಹತ್ತಿರ ಇದೆ. ರಜೆ ಯಾವತ್ತು ಅಂತ ವಿಚಾರಿಸಿಕೊಂಡು ಹೋಗಿ. ಸಿಂಗಪುರಕ್ಕೆ ಹೋಗಿ ರವೆ ಇಡ್ಲಿ ತಿನ್ನೋದಾ ಅಂತ ಮಗ ನಗಬಹುದು. ನಗಲಿ ಬಿಡಿ. ನನ್ನ ಲೆಕ್ಕ ಇಷ್ಟೇ: ದಾವಣಗೆರೆಯಲ್ಲಿ ಸಿಗದೇ ಇರೋದನ್ನ ಶುಕ್ರವಾರ ತಿನ್ನಿ. ಶನಿವಾರ ಬೆಳಿಗ್ಗೆ ಮಾತ್ರ ಹೊಟ್ಟೆಗೆ ಗೊತ್ತಿರೋದನ್ನೇ ಕೊಡಿ. ಮಧ್ಯಾಹ್ನ ನೆಲ ಅಲ್ಲಾಡೋ ಜಾಗಕ್ಕೆ ಹೋಗ್ತಿದ್ದೀರಿ.

ನಾನು ಎಲ್ಲಾ ತಿನ್ನುತ್ತೇನೆ. ಒಂದು ಪಟ್ಟಿ ಕೊಡಿ, ಸಾಕು.
— ಹುಬ್ಬಳ್ಳಿಯಿಂದ

ಪಟ್ಟಿ ಕೊಡಲ್ಲ. ಪಟ್ಟಿ ಹಿಡಿದು ಓಡಾಡಿದವರು ಕ್ಯೂನಲ್ಲಿ ನಿಂತದ್ದನ್ನೇ ಜಾಸ್ತಿ ಹೇಳುತ್ತಾರೆ.

ನಾನು ತಿನ್ನದವಳು. ಹಾಗಾಗಿ ಇದು ಕಾರವಾರದ ಕಡೆಯ ನಮ್ಮೆಜಮಾನ್ರ ಸಾಕ್ಷಿ. ಅವರು ರೇಸ್‌ಕೋರ್ಸ್ ರೋಡಿನಲ್ಲಿ ಮೀನಿನ ತಲೆಯ ಸಾರು ಉಂಡರು. ಆ ಸಾಲಿನಲ್ಲಿ ಮುತ್ತೂಸ್ ಕರಿ, ಬನಾನಾ ಲೀಫ್ ಅಪೋಲೋ ಎರಡೂ ಹಳೆಯ ಹೆಸರು. ಕೇರಳ ಮೂಲದ ಎಂ. ಜೆ. ಗೋಮೆಜ್ ಅನ್ನುವವರು 1949ರಲ್ಲಿ ಸಿಂಗಪುರದಲ್ಲೇ ಈ ಸಾರನ್ನು ಶುರು ಮಾಡಿದರು ಅನ್ನುತ್ತಾರೆ. ಚೀನೀ ಗಿರಾಕಿಗಳಿಗೆ ಮೀನಿನ ತಲೆ ಇಷ್ಟ, ಇವರ ಕೈಯಲ್ಲಿ ನಮ್ಮ ಮಸಾಲೆ. ಎರಡೂ ಸೇರಿತು. ಬಾಳೆಲೆ ಹಾಸಿ, ಹುಣಸೆಹುಳಿಯ ಸಾರಿನಲ್ಲಿ ಬೆಂಡೆಕಾಯಿ ಜೊತೆ ಒಂದು ಬೋಗುಣಿ ಬರುತ್ತೆ. ಒಬ್ಬರಿಗೆ ಅಂತ ಆರ್ಡರ್ ಮಾಡಬೇಡಿ. ನಮ್ಮೆಜಮಾನ್ರು ಕೆನ್ನೆಯ ಮಾಂಸ ಬಿಡಿಸಿ ತಿಂದರು, ಕಣ್ಣನ್ನೂ ಬಿಡಲಿಲ್ಲ. ಆಮೇಲೆ ‘ಖಾರ ಸಾಲದು’ ಅಂದರು. ಆದರೆ ಬೋಗುಣಿ ಖಾಲಿ.

ಚಿಕನ್ ರೈಸ್‌ಗೆ ಮ್ಯಾಕ್ಸ್‌ವೆಲ್ ಫುಡ್ ಸೆಂಟರ್‌ಗೆ ಹೋಗಿ. ಅಲ್ಲಿನ ಟಿಯಾನ್ ಟಿಯಾನ್ ಅಂಗಡಿಯ ಸಾಲು ಉದ್ದ ಇದ್ದರೆ ಸುತ್ತ ಒಮ್ಮೆ ಕಣ್ಣಾಡಿಸಿ. ಆಫೀಸಿನ ಐಡಿ ಕಾರ್ಡ್ ಕುತ್ತಿಗೆಗೆ ನೇತುಹಾಕಿಕೊಂಡವರು ಯಾವ ಅಂಗಡಿ ಮುಂದೆ ನಿಂತಿದ್ದಾರೋ ಅಲ್ಲೇ ನಿಲ್ಲಿ. ಅವರಿಗೆ ಊಟಕ್ಕಿರೋದು ಒಂದೇ ಗಂಟೆ, ದಿನಾ ಬರೋರು. ಕೆಟ್ಟ ಅಂಗಡಿಗೆ ಎರಡನೇ ಸಲ ಹೋಗಲ್ಲ. (ನಿಮ್ಮ ಜೊತೆ ಸಸ್ಯಾಹಾರಿಗಳಿದ್ದರೆ ‘ಕೋಳಿ ತೆಗೆದು ಬರೀ ಅನ್ನ ಕೊಡಿ’ ಅನ್ನುವ ಉಪಾಯ ನಡೆಯಲ್ಲ. ಆ ಅನ್ನ ಬೇಯೋದೇ ಕೋಳಿಯ ಕೊಬ್ಬು, ಕೋಳಿ ಬೇಯಿಸಿದ ನೀರಿನಲ್ಲಿ.)

ಇಂಥ ಜಾಗಕ್ಕೆ ಹಾಕರ್ ಸೆಂಟರ್ ಅಂತಾರೆ. ಒಂದೇ ಸೂರಿನಡಿ ಹತ್ತಾರು ಅಂಗಡಿ, ನಡುವೆ ಎಲ್ಲರಿಗೂ ಸೇರಿದ ಮೇಜು. 2020ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಖಾಲಿ ಮೇಜಿನ ಮೇಲೆ ಟಿಶ್ಯೂ ಪೇಪರಿನ ಸಣ್ಣ ಪ್ಯಾಕೆಟ್ ಇದ್ದರೆ ಯಾರೋ ಮರೆತು ಹೋಗಿದ್ದಾರೆ ಅಂದುಕೊಳ್ಳಬೇಡಿ. ಅದು ನಮ್ಮ ಕೆಂಪು ಬಸ್ಸಿನ ಸೀಟಿನ ಮೇಲೆ ಕರ್ಚೀಫ್ ಎಸೆದ ಹಾಗೆ! ನಾನು ಆರಾಮಾಗಿ ಕೂತು ಆ ಟಿಶ್ಯೂದಲ್ಲೇ ಕೈ ಒರೆಸಿಕೊಂಡೆ. ಐದು ನಿಮಿಷಕ್ಕೆ ತಟ್ಟೆ ಹಿಡಿದು ನಾಲ್ಕು ಜನ ಬಂದು ನಿಂತರು. ಉಂಡ ಮೇಲೆ ತಟ್ಟೆಯನ್ನು ನೀವೇ ಒಯ್ದು ಇಡಬೇಕು, 2021ರಿಂದ ಅದು ಕಾನೂನು.

ದೊಡ್ಡ ರೆಸ್ಟೋರೆಂಟಿನ ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಪ್ಲಸ್ ಗುರುತು ಇದ್ದರೆ ಎಚ್ಚರ. ಶೇ 10 ಸರ್ವಿಸ್ ಚಾರ್ಜ್, ಅದರ ಮೇಲೆ ಶೇ 9 ಜಿಎಸ್‌ಟಿ ಬೀಳುತ್ತೆ. ಇಪ್ಪತ್ತು ಡಾಲರ್ ಅಂದುಕೊಂಡದ್ದು ಇಪ್ಪತ್ನಾಲ್ಕಾಗುತ್ತೆ.

ಫಿಲ್ಟರ್ ಕಾಫಿ ಇಲ್ಲದೆ ನನಗೆ ಬೆಳಗಾಗಲ್ಲ. ಏನು ಮಾಡಲಿ?
— ಚಿಕ್ಕಮಗಳೂರಿನಿಂದ

ಕಾಫಿ ಸೀಮೆಯವರ ಕಷ್ಟ ನನಗೆ ಅರ್ಥವಾಗುತ್ತೆ. ಆದರೆ ಅಲ್ಲಿನ ‘ಕೋಪಿ’ ಒಮ್ಮೆ ಕುಡಿದು ನೋಡಿ. ಉದ್ದನೆ ಬಟ್ಟೆ ಚೀಲದಲ್ಲಿ ಪುಡಿ ಹಾಕಿ, ಕುದಿನೀರು ಹೊಯ್ದು, ಎತ್ತಿ ಎತ್ತಿ ಸೋಸುತ್ತಾರೆ. ನಮ್ಮಜ್ಜಿ ಮಲೆನಾಡಿನ ಮನೆಯಲ್ಲಿ ಹಳೇ ಪಂಚೆಯ ತುಂಡಿನಲ್ಲಿ ಕಾಫಿ ಸೋಸುತ್ತಿದ್ದದ್ದು ನೆನಪಾಯಿತು. ಬೀಜವನ್ನು ಸಕ್ಕರೆ, ಬೆಣ್ಣೆಯಂಥ ಮಾರ್ಗರಿನ್ ಹಾಕಿ ಹುರಿಯುವುದರಿಂದ ಒಂಥರಾ ಸುಟ್ಟ ಬೆಲ್ಲದ ವಾಸನೆ. ಬರೀ ಕೋಪಿ ಅಂದರೆ ಮಿಲ್ಕ್‌ಮೇಡ್‌ನಂಥ ಗಟ್ಟಿ ಸಿಹಿ ಹಾಲು ಹಾಕಿದ್ದು. ಕೋಪಿ-ಓ ಅಂದರೆ ಹಾಲಿಲ್ಲ, ಸಕ್ಕರೆ ಇದೆ. ನಮಗೆ ಹತ್ತಿರದ್ದು ಕೋಪಿ-ಸಿ, ಸಿಹಿಯಿಲ್ಲದ ಗಟ್ಟಿ ಹಾಲು, ಬೇರೆಯಾಗಿ ಸಕ್ಕರೆ ಹಾಕಿದ್ದು. ಸಕ್ಕರೆ ಕಾಯಿಲೆಯವರು ‘ಕೋಸೋಂಗ್’ ಅನ್ನುವ ಪದ ಬಾಯಿಪಾಠ ಮಾಡಿ, ಸಕ್ಕರೆ ಬೇಡ ಅಂತ ಅರ್ಥ. ‘ಕೋಪಿ-ಸಿ ಕೋಸೋಂಗ್’ ಅಂದ ದಿನ ಅಂಗಡಿಯವನು ತಲೆ ಎತ್ತಿ ನನ್ನ ಮುಖ ನೋಡಿದ, ಊರಿನವಳೇ ಅಂದುಕೊಂಡನೋ ಏನೋ.

ಚಟ್ನಿಪುಡಿ, ಹಪ್ಪಳ, ಸಣ್ಣ ಎಲೆಕ್ಟ್ರಿಕ್ ಕೆಟಲ್ ಒಯ್ಯಬಹುದಾ?
— ಪುತ್ತೂರಿನಿಂದ

ಕೆಟಲ್ ಬೇಡ, ಇಸ್ತ್ರಿಪೆಟ್ಟಿಗೆಯೂ ಬೇಡ. ಹಡಗಿನವರು ಬೆಂಕಿಗೆ ಹೆದರುತ್ತಾರೆ. ಸ್ಕ್ಯಾನಿಂಗ್‌ನಲ್ಲಿ ಸಿಕ್ಕರೆ ಎತ್ತಿಟ್ಟುಕೊಂಡು ಇಳಿಯುವ ದಿನ ವಾಪಸ್ ಕೊಡುತ್ತಾರೆ. ಮನೆಯಲ್ಲಿ ಮಾಡಿದ ತಿಂಡಿಗೂ ಸಾಮಾನ್ಯವಾಗಿ ಬಿಡಲ್ಲ. ಅಂಗಡಿಯ ಸೀಲ್ ಪ್ಯಾಕೆಟ್ ಆದರೆ ತೊಂದರೆ ಕಮ್ಮಿ.

ಅದಕ್ಕಿಂತ ಮುಖ್ಯ, ಗಸಗಸೆ! ಸಿಂಗಪುರದಲ್ಲಿ ಗಸಗಸೆಗೆ ನಿಷೇಧ ಇದೆ, ಮಾದಕ ವಸ್ತುವಿನ ಲೆಕ್ಕ. ಪಾಯಸಕ್ಕೆ ಅಂತ ಪೊಟ್ಟಣ ಕಟ್ಟಿಕೊಡುವ ಅತ್ತೆಯಂದಿರಿಗೆ ಇದನ್ನು ಓದಿ ಹೇಳಿ. ಮಸಾಲೆಪುಡಿಗೆ ಹಾಕಿದ್ದರೂ ಆ ಪುಡಿ ಮನೆಯಲ್ಲೇ ಇರಲಿ. ಚೂಯಿಂಗ್ ಗಮ್, ಜಗಿಯುವ ತಂಬಾಕು ಕೂಡ ಬೇಡ.

ಹಡಗು ಹೊರಡುವ ದಿನ ಬೆಳಿಗ್ಗೆಯ ವಿಮಾನಕ್ಕೇ ಹೋದರೆ ಒಂದು ರಾತ್ರಿಯ ರೂಮಿನ ದುಡ್ಡು ಉಳಿಯುತ್ತಲ್ವಾ?
— ಮೈಸೂರಿನಿಂದ

ಉಳಿಯುತ್ತೆ, ವಿಮಾನ ಹೊತ್ತಿಗೆ ಸರಿಯಾಗಿ ಬಂದರೆ. ನಮ್ಮದು ಐದೂವರೆ ಗಂಟೆ ತಡವಾಯಿತು. ಬೆಂಗಳೂರಿನಿಂದ ಹಾರಾಟವೇ ನಾಲ್ಕೂವರೆ ಗಂಟೆ, ಗಡಿಯಾರ ಬೇರೆ ಎರಡೂವರೆ ಗಂಟೆ ಮುಂದಕ್ಕೆ. ಪುಣ್ಯಕ್ಕೆ ನಾವು ಒಂದು ದಿನ ಮುಂಚೆ ಹೊರಟಿದ್ದೆವು. ಒಂದು ಊಟ ತಪ್ಪಿತು, ಹಡಗು ತಪ್ಪಲಿಲ್ಲ.

ವೀಸಾ ಮಲ್ಟಿಪಲ್ ಎಂಟ್ರಿ ಇದೆಯಾ ನೋಡಿಕೊಳ್ಳಿ, ಹಡಗಿನಿಂದ ಮತ್ತೆ ಸಿಂಗಪುರಕ್ಕೇ ಇಳಿಯೋದು ನೀವು. ಅರೈವಲ್ ಕಾರ್ಡ್ ಅನ್ನು ತಲುಪುವ ಮುಂಚಿನ ಮೂರು ದಿನದೊಳಗೆ ಸರ್ಕಾರಿ ತಾಣದಲ್ಲೇ ತುಂಬಿ. ಅದಕ್ಕೆ ದುಡ್ಡಿಲ್ಲ, ದುಡ್ಡು ಕೇಳಿದರೆ ಆ ತಾಣ ಸರಿಯಿಲ್ಲ. ಲಿಟ್ಲ್ ಇಂಡಿಯಾದಲ್ಲಿ ಉಳಿದರೆ ಧೋಬಿ ಘಾಟ್ ಸ್ಟೇಷನ್ನಿಗೆ ಒಂದೇ ಸ್ಟಾಪ್. (ಹೌದು, ಹೆಸರು ಅದೇ!) ಅಲ್ಲಿ ಕೆಂಪು ಲೈನ್ ಹಿಡಿದರೆ ಕೊನೇ ಸ್ಟೇಷನ್ ಮರೀನಾ ಸೌತ್ ಪಿಯರ್, ಹಡಗಿನ ಟರ್ಮಿನಲ್ ಅದರ ಹತ್ತಿರವೇ. ದೊಡ್ಡ ಸೂಟ್‌ಕೇಸ್ ಎರಡಿದ್ದರೆ ಮಾತ್ರ ಟ್ಯಾಕ್ಸಿ ಮಾಡಿ. ಟರ್ಮಿನಲ್‌ನಲ್ಲಿ ಒಪ್ಪಿಸಿದ ಸೂಟ್‌ಕೇಸ್ ಕ್ಯಾಬಿನ್ನಿಗೆ ಬರೋದು ಸಂಜೆ. ಬಿಪಿ ಮಾತ್ರೆ, ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ.

ಹಡಗಿನಲ್ಲಿ ಫೋನ್?
— ತುಮಕೂರಿನಿಂದ

ಏರೋಪ್ಲೇನ್ ಮೋಡ್. ಹತ್ತಿದ ಕೂಡಲೇ. ಸಮುದ್ರದ ಮಧ್ಯೆ ಸ್ಯಾಟಲೈಟ್ ನೆಟ್‌ವರ್ಕ್ ತಾನಾಗಿ ಹಿಡಿದುಕೊಂಡರೆ ಬಿಲ್ಲು ನೋಡಿ ತಲೆ ತಿರುಗುತ್ತೆ, ಅದು ಸಮುದ್ರದ ತಲೆಸುತ್ತಲ್ಲ. ಇಳಿಯುವ ಊರುಗಳಲ್ಲಿ ಫೋನಿನ ಗಡಿಯಾರ ನಂಬಬೇಡಿ. ಥಾಯ್ಲೆಂಡಿನ ಫುಕೆಟ್‌ನ ಸಮಯ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ಹಡಗಿನ ಸಮಯಕ್ಕೆ ಹೊಂದಿಸಿದ ಹಳೇ ಕೈಗಡಿಯಾರ ಕಟ್ಟಿಕೊಳ್ಳಿ.

ಇದು ಪ್ರಶ್ನೆಯಲ್ಲ, ಸಲಹೆ. ಮಲೇಷ್ಯಾದ ಪೆನಾಂಗ್‌ನಲ್ಲಿ ಹಡಗು ನಿಂತರೆ ದುಬಾರಿ ಟೂರ್ ಬೇಡ. ಬಂದರಿನಿಂದ ನಡೆದೇ ಲಿಟ್ಲ್ ಇಂಡಿಯಾ ಸೇರಬಹುದು. ಚೆಂಡೋಲ್ ಮಾತ್ರ ಬಿಡಬೇಡಿ.
— ಕುಂದಾಪುರದಿಂದ

ನಿಮಗೆ ನೂರು ನಮಸ್ಕಾರ! ನಿಮ್ಮ ಪತ್ರ ಎರಡು ತಿಂಗಳು ಮುಂಚೆ ಬಂದಿದ್ದರೆ ನಾನು ಟೂರ್ ಬಸ್ಸಿನಲ್ಲಿ ಅರ್ಧ ದಿನ ಕಳೆಯುತ್ತಿರಲಿಲ್ಲ. ಬಂದರು ಇರೋದೇ ಜಾರ್ಜ್‌ಟೌನ್ ಊರಿನ ಮಗ್ಗುಲಲ್ಲಿ. 1833ರ ಮಾರಿಯಮ್ಮನ ಗುಡಿ, ಹಳೇ ಅಂಗಡಿ ಸಾಲು ಎಲ್ಲ ಹತ್ತಿರವೇ.

ಚೆಂಡೋಲ್ ಸಿಕ್ಕಿತು, ಬಸ್ಸಿನವರು ಇಪ್ಪತ್ತು ನಿಮಿಷ ಬಿಟ್ಟಾಗ. ಪೆನಾಂಗ್ ರೋಡಿನ ಪಕ್ಕದ ಗಲ್ಲಿಯಲ್ಲಿ 1936ರಿಂದ ಇರುವ ಗಾಡಿ, ಜನ ಗೋಡೆಗೆ ಒರಗಿ ನಿಂತೇ ತಿನ್ನುತ್ತಾರೆ. ಬಟ್ಟಲಲ್ಲಿ ಐಸ್ ಪುಡಿ, ಕಾಯಿಹಾಲು, ಕಪ್ಪಗಿನ ತಾಳೆಬೆಲ್ಲದ ಪಾಕ, ಬೇಯಿಸಿದ ಕೆಂಪು ಕಾಳು, ಹಸಿರು ಎಳೆ. ಎಳೆ ಅಕ್ಕಿಹಿಟ್ಟಿನದ್ದು. ಹಸಿರು ಬಣ್ಣ, ಪರಿಮಳ ಪಾಂಡನ್ ಎಲೆಯದ್ದು, ನಮ್ಮ ಕೇದಿಗೆಯ ಬಳಗ ಅದು. ಬಾಯಿಗಿಟ್ಟ ಕೂಡಲೇ ಅನಿಸಿತು, ಇದು ನಮ್ಮ ಒತ್ತುಶ್ಯಾವಿಗೆ, ಬೆಲ್ಲ ಹಾಕಿದ ಕಾಯಿಹಾಲು! ಕುಂದಾಪುರದವರು ನೀವು, ನಿಮಗೂ ಹಾಗೇ ಅನಿಸಿತಾ? ಕಾಳು ಮಾತ್ರ ಯಾಕೆ ಹಾಕುತ್ತಾರೋ.

ಹಡಗಿನಲ್ಲಿ ಹೆಚ್ಚು ದುಡ್ಡಿನ ಸ್ಪೆಷಲ್ ರೆಸ್ಟೋರೆಂಟ್ ತಗೊಳ್ಳಬೇಕಾ?
— ಬೆಂಗಳೂರು, ಜಯನಗರ

ನಾಲ್ಕು ರಾತ್ರಿಗೆ ಬೇಡ. ಟಿಕೆಟ್ಟಿನಲ್ಲೇ ಸೇರಿರುವ ಊಟದ ಹಾಲ್‌ನಲ್ಲಿ ಮೊದಲ ರಾತ್ರಿಯೇ ವೇಟರ್‌ನ ಹೆಸರು ಕೇಳಿಕೊಂಡು, ನೀವೇನು ತಿನ್ನುತ್ತೀರಿ, ಏನು ತಿನ್ನಲ್ಲ, ಬಿಡಿಸಿ ಹೇಳಿ. ನಮ್ಮ ಮೇಜಿಗೆ ಎರಡನೇ ರಾತ್ರಿಯಿಂದ ಮೆನುವಿನಲ್ಲೇ ಇಲ್ಲದ ದಾಲ್, ಬಿಸಿ ರೊಟ್ಟಿ ಬಂತು. ಪಕ್ಕದ ಮೇಜಿನವರು ಮೂರು ರಾತ್ರಿ ಬರೀ ಪಾಸ್ತಾ ತಿಂದು ಬೈದುಕೊಂಡರು. ಕೇಳಿರಲೇ ಇಲ್ಲ ಅವರು.

ಫುಕೆಟ್‌ನಲ್ಲಿ ಆರು ಗಂಟೆ ಸಿಗುತ್ತೆ. ಸಸ್ಯಾಹಾರ ಎಲ್ಲಿ?
— ಶಿರಸಿಯಿಂದ

ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ‘ಜೇ’ ಅಂತ ಬರೆದ ಅಂಗಡಿ ಹುಡುಕಿ. ಥಾಯ್ ಲಿಪಿಯಲ್ಲಿರುತ್ತೆ, ಯಾರಾದರೂ ತೋರಿಸುತ್ತಾರೆ. ಮಾಂಸ, ಮೀನು, ಮೊಟ್ಟೆ, ಹಾಲು, ಬೆಳ್ಳುಳ್ಳಿ ಯಾವುದೂ ಇಲ್ಲದ ಅಡುಗೆ ಅದು. ಬೇರೆ ಕಡೆ ‘ವೆಜ್’ ಅಂದರೂ ಮೀನಿನ ಸಾಸ್ ಬೀಳುವ ಸಾಧ್ಯತೆ ಇದೆ.

ಇಷ್ಟನ್ನು ಹೇಳುವವಳು ಅಲ್ಲಿ ಉಂಡಿಲ್ಲ. ಹಡಗು ದೂರದಲ್ಲೇ ಲಂಗರು ಹಾಕಿತ್ತು, ಸಣ್ಣ ದೋಣಿಯಲ್ಲಿ ದಡಕ್ಕೆ ಹೋಗಬೇಕಿತ್ತು, ನಾನು ಮಲಗಿಬಿಟ್ಟೆ. ಫುಕೆಟ್‌ನಲ್ಲಿ ಚೆನ್ನಾಗಿ ಉಂಡು ಬಂದವರು ಯಾರಾದರೂ ಇದ್ದರೆ ಬರೆಯಿರಿ. ಅಂಗಡಿಯ ಹೆಸರು, ಬಂದರಿನಿಂದ ಎಷ್ಟು ದೂರ, ನೀವು ಏನು ಉಂಡಿರಿ, ಇಷ್ಟು ಸಾಕು. ಶಿರಸಿಯವರು ಹೊರಡೋದು ಮುಂದಿನ ತಿಂಗಳು.