ಎರಡು ಬೆರಳಿನ ಸ್ಲಾತ್ ಮತ್ತು ಮೂರು ಬೆರಳಿನ ಸ್ಲಾತ್ ಹತ್ತಿರದ ಸಂಬಂಧಿಗಳೇ?

ಸ್ಲಾತ್ ಅಂದರೆ ಮರದ ಮೇಲೆ ತುಂಬ ನಿಧಾನವಾಗಿ ಓಡಾಡುವ ಸಸ್ತನಿ. ಈ ಎರಡನ್ನೂ ನೋಡಿದರೆ ಹತ್ತಿರದ ಸಂಬಂಧಿಗಳೇ ಅನಿಸುತ್ತದೆ, ಅಲ್ವಾ? ಆದರೆ ಅಲ್ಲ. 2019ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಇದನ್ನು ಕೆದಕಿದವು. ಒಂದು ತಂಡ ಅಳಿದುಹೋದ ನೆಲದ ಸ್ಲಾತ್‌ಗಳ ಮೂಳೆಯಿಂದ ಕೊಲಾಜೆನ್ ಎಂಬ ಪ್ರೋಟೀನ್ ತೆಗೆದು ಹೋಲಿಸಿತು. ಇನ್ನೊಂದು ಅವುಗಳ ಹಳೇ ಡಿಎನ್‌ಎ ಓದಿತು. ಇಬ್ಬರಿಗೂ ಸಿಕ್ಕಿದ್ದು ಒಂದೇ ಉತ್ತರ: ಎರಡು ಬೆರಳಿನದು ಮೈಲೊಡಾನ್ ಬಳಗದ್ದು, ಮೂರು ಬೆರಳಿನದು ಮೆಗಾಥೀರಿಯಂ ಬಳಗದ್ದು. ಮೈಲೊಡಾನ್, ಮೆಗಾಥೀರಿಯಂ ಎರಡೂ ಅಳಿದುಹೋದ ನೆಲದ ಸ್ಲಾತ್‌ಗಳು. ಮೆಗಾಥೀರಿಯಂ ಅಂದರೆ ಸುಮಾರು 4 ಟನ್ ತೂಗುತ್ತಿದ್ದ ದೈತ್ಯ! ಹಾಗಾಗಿ ಕೊಂಬೆಗೆ ತಲೆಕೆಳಗಾಗಿ ಜೋತುಬೀಳುವ ಬದುಕು ಎರಡು ಕಡೆ ಬೇರೆ ಬೇರೆಯಾಗಿ ಬಂದಿರಬೇಕು.

ಕತ್ತಿನ ಮೂಳೆಗಳಲ್ಲೂ ವ್ಯತ್ಯಾಸ ಇದೆ. ಸಸ್ತನಿಗಳಿಗೆ ಸಾಮಾನ್ಯವಾಗಿ 7. ಮೂರು ಬೆರಳಿನದಕ್ಕೆ 8 ಅಥವಾ 9, ಎರಡು ಬೆರಳಿನದಕ್ಕೆ ಹೆಚ್ಚಾಗಿ 5ರಿಂದ 7. ಅಂದಹಾಗೆ, ಹೆಸರಿನ ಬೆರಳಿನ ಲೆಕ್ಕ ಮುಂಗಾಲಿಗೆ ಮಾತ್ರ. ಹಿಂಗಾಲಲ್ಲಿ ಎರಡಕ್ಕೂ ಮೂರೇ.